ಎಸಿ ಕರೆಂಟ್ ಕಂಡುಹಿಡಿದಿದ್ದು ನಿಕೋಲಾ ಟೆಸ್ಲಾ ಅವರೇ? ಅವರ ಬದುಕಿನ ನಿಜಸಂಗತಿ ಇಲ್ಲಿದೆ

ನಿಕೋಲಾ ಟೆಸ್ಲಾ ಕುರಿತ ಫಾರ್ವರ್ಡ್‌ಗಳು ನಿಮ್ಮ ಫೋನಿಗೂ ಬಂದಿರಬಹುದು. ಎಸಿ ಕರೆಂಟನ್ನು ಕಂಡುಹಿಡಿದವರು ಅವರೊಬ್ಬರೇ, ಅದನ್ನು ಎಡಿಸನ್ ಕದ್ದರು, ಆ ಜ್ಞಾನ ಬಂದಿದ್ದು ಸ್ವಾಮಿ ವಿವೇಕಾನಂದರಿಂದ, ಜಗತ್ತಿಗೆಲ್ಲ ಪುಕ್ಕಟೆ ವಿದ್ಯುತ್ ಕೊಡುವ ಅವರ ಗುಟ್ಟನ್ನು ಮುಚ್ಚಿಡಲಾಗಿದೆ ಎಂದೆಲ್ಲ ಅವು ಹೇಳುತ್ತವೆ. ಕಳೆದ ವರ್ಷ ನಮ್ಮ ತಂಡದವರೊಬ್ಬರ ಮನೆಯಲ್ಲಿ ಇಂಥದ್ದೇ ವಿಡಿಯೋ ನಂಬಿ, ಪ್ಲಗ್‌ಗೆ ಸಿಕ್ಕಿಸಿದರೆ ಬಿಲ್ ಅರ್ಧಕ್ಕಿಳಿಯುತ್ತದೆ ಎಂಬ ಡಬ್ಬಿಯೊಂದನ್ನು ತರಿಸಿಕೊಂಡರು. ಬಿಲ್ ಇಳಿಯಲಿಲ್ಲ, ದುಡ್ಡು ಮಾತ್ರ ಹೋಯಿತು. ಹಾಗಾಗಿ ಟೆಸ್ಲಾ ಬದುಕನ್ನು ಮೊದಲಿನಿಂದ ನೋಡೋಣ.

ಟೆಸ್ಲಾ ಹುಟ್ಟುವ ಮೊದಲೇ ಎಸಿ ಇತ್ತು

ಟೆಸ್ಲಾ ಹುಟ್ಟಿದ್ದು 1856ರ ಜುಲೈ 10ರಂದು, ಇಂದಿನ ಕ್ರೊಯೇಷಿಯಾದ ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ. ಸರ್ಬಿಯನ್ ಕುಟುಂಬ, ತಂದೆ ಚರ್ಚಿನ ಪಾದ್ರಿ. ಅದಕ್ಕೂ 24 ವರ್ಷ ಮೊದಲೇ, 1832ರಲ್ಲಿ, ಪ್ಯಾರಿಸ್‌ನ ಪಿಕ್ಸಿ ಎಂಬುವವರು ಕೈಯಿಂದ ತಿರುಗಿಸುವ ಯಂತ್ರದಲ್ಲಿ ಎಸಿ ಕರೆಂಟ್ ಉತ್ಪಾದಿಸಿದ್ದರು.

ಬ್ಯಾಟರಿಯ ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತದೆ. ಅದು ಡಿಸಿ. ತಂತಿಯ ಸುರುಳಿಯ ಬಳಿ ಅಯಸ್ಕಾಂತ ತಿರುಗಿಸಿದರೆ ಹುಟ್ಟುವ ಕರೆಂಟ್ ದಿಕ್ಕು ಬದಲಿಸುತ್ತಲೇ ಇರುತ್ತದೆ. ಅದು ಎಸಿ. ನಮ್ಮ ಮನೆಯ ಕರೆಂಟ್ ಸೆಕೆಂಡಿಗೆ 50 ಆವರ್ತ ಮುಗಿಸುತ್ತದೆ, ಅಂದರೆ 100 ಸಲ ದಿಕ್ಕು ಬದಲಿಸುತ್ತದೆ. ಇದನ್ನು ಹೇಗೆ ಬಳಸಬೇಕೆಂದು ಆಗ ತಿಳಿದಿರಲಿಲ್ಲ. ಯಂತ್ರಕ್ಕೆ ಉಜ್ಜುವ ಬ್ರಷ್‌ಗಳನ್ನು ಜೋಡಿಸಿ ಡಿಸಿ ಮಾಡಿಕೊಳ್ಳುತ್ತಿದ್ದರು.

ಟೆಸ್ಲಾ ನಿಜವಾಗಿ ಕೊಟ್ಟಿದ್ದೇನು?

1875ರಲ್ಲಿ ಟೆಸ್ಲಾ ಆಸ್ಟ್ರಿಯಾದ ಗ್ರಾಜ್‌ಗೆ ಓದಲು ಹೋದರು. ಅಲ್ಲಿನ ಡಿಸಿ ಯಂತ್ರದ ಬ್ರಷ್‌ಗಳಿಂದ ಕಿಡಿ ಹಾರುವುದನ್ನು ಕಂಡು, ಬ್ರಷ್ ಇಲ್ಲದ ಮೋಟಾರ್ ಮಾಡಬಹುದಲ್ಲ ಎಂದುಕೊಂಡರು. ಅದು ಆಗದ ಮಾತು ಎಂದರು ಪ್ರಾಧ್ಯಾಪಕರು. ಪದವಿ ಪೂರ್ತಿಯಾಗಲಿಲ್ಲ, ಪ್ರಶ್ನೆ ಉಳಿಯಿತು. 1882ರಲ್ಲಿ ಬುಡಾಪೆಸ್ಟ್‌ನ ಉದ್ಯಾನದಲ್ಲಿ ನಡೆಯುತ್ತಿದ್ದಾಗ ಉತ್ತರ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ.

ಆ ಉತ್ತರ ನಿಮ್ಮ ತಲೆಯ ಮೇಲೆಯೇ ತಿರುಗುತ್ತಿದೆ. ಎರಡು ಸುರುಳಿಗಳಿಗೆ ಎಸಿ ಕೊಡಿ, ಆದರೆ ಒಂದರ ಕರೆಂಟ್ ಇನ್ನೊಂದಕ್ಕಿಂತ ತುಸು ಮುಂದಿರಲಿ. ಆಗ ಅಯಸ್ಕಾಂತದ ಸೆಳೆತವೇ ಸುತ್ತತೊಡಗುತ್ತದೆ. ನಡುವಿನ ಲೋಹ ಅದರ ಹಿಂದೆ ಓಡುತ್ತದೆ. ಸೀಲಿಂಗ್ ಫ್ಯಾನಿನ ಕಂಡೆನ್ಸರ್ ಮಾಡುವ ಕೆಲಸ ಇದೇ: ಒಂದು ಸುರುಳಿಯ ಕರೆಂಟನ್ನು ಮುಂದೆ ತಳ್ಳುವುದು. ಅದು ಕೆಟ್ಟರೆ ಫ್ಯಾನ್ ಗುಂಯ್‌ಗುಡುತ್ತದೆ, ತಿರುಗುವುದಿಲ್ಲ. ಹೊಲದ ಪಂಪ್‌ಸೆಟ್‌ಗೆ ಬರುವ ತ್ರೀ ಫೇಸ್ ಕರೆಂಟ್ ಕೂಡ ಇಂಥದ್ದೇ ಸುತ್ತುವ ಸೆಳೆತ ಹುಟ್ಟಿಸುತ್ತದೆ.

ಈ ಮೋಟಾರಿನ ಹಿರಿಮೆ ಟೆಸ್ಲಾ ಅವರದು. ಆದರೆ ಇಟಲಿಯ ಗೆಲಿಲಿಯೋ ಫೆರಾರಿಸ್ ಕೂಡ ಸ್ವತಂತ್ರವಾಗಿ ಇದೇ ತತ್ವ ಕಂಡುಕೊಂಡು 1888ರಲ್ಲೇ ಪ್ರಕಟಿಸಿದ್ದರು.

ಎಡಿಸನ್ ಕದ್ದರೇ?

ಇಲ್ಲ. 1884ರಲ್ಲಿ ನ್ಯೂಯಾರ್ಕ್‌ಗೆ ಬಂದ ಟೆಸ್ಲಾ, ಎಡಿಸನ್ ಅವರ ಕಂಪನಿಯಲ್ಲಿ ಕೆಲವು ತಿಂಗಳು ದುಡಿದು ಹೊರಬಂದರು. ಆಮೇಲೆ ಹೊಟ್ಟೆಪಾಡಿಗೆ ಗುಂಡಿ ತೋಡುವ ಕೂಲಿಯನ್ನೂ ಮಾಡಿದರು. ಮೋಟಾರಿನ ಪೇಟೆಂಟ್ 1888ರ ಮೇ 1ರಂದು ಟೆಸ್ಲಾ ಹೆಸರಿನಲ್ಲೇ ಸಿಕ್ಕಿತು. ಅದನ್ನು ಹಣ ಕೊಟ್ಟು ಪಡೆದವರು ಜಾರ್ಜ್ ವೆಸ್ಟಿಂಗ್‌ಹೌಸ್. ಎಡಿಸನ್ ಅವರದು ಡಿಸಿ ವ್ಯಾಪಾರ. ಅವರು ಎಸಿಯನ್ನು ಕದಿಯಲಿಲ್ಲ, ಅಪಾಯಕಾರಿ ಎಂದು ವಿರೋಧಿಸಿದರು.

ಟೆಸ್ಲಾ ಅವರನ್ನು ಸೋಲಿಸಲು ಎಡಿಸನ್ ಆನೆಯೊಂದನ್ನು ಕರೆಂಟ್ ಕೊಟ್ಟು ಕೊಂದರು ಎಂಬ ಸಂದೇಶವೂ ಇದೆ. ಟಾಪ್ಸಿ ಎಂಬ ಆ ಆನೆ ಸತ್ತಿದ್ದು 1903ರಲ್ಲಿ. ಎಸಿ–ಡಿಸಿ ಜಗಳ ಮುಗಿದು ಆಗಲೇ ಸುಮಾರು ಹತ್ತು ವರ್ಷವಾಗಿತ್ತು. ಎಡಿಸನ್ ಹೆಸರಿನ ಸಿನಿಮಾ ಕಂಪನಿ ಅದನ್ನು ಚಿತ್ರೀಕರಿಸಿತ್ತು, ಅಷ್ಟೇ. ಆದರೆ 1888ರಲ್ಲಿ ಎಸಿಯ ಭಯ ಹುಟ್ಟಿಸಲು ನಾಯಿಗಳನ್ನು ಕೊಂದಿದ್ದು ನಿಜ, ಅದಕ್ಕೆ ಎಡಿಸನ್ ಅವರ ಪ್ರಯೋಗಾಲಯದ ನೆರವೂ ಇತ್ತು.

ಗೆಲ್ಲಿಸಿದ್ದು ಒಂದು ಲೆಕ್ಕ

ಎಡಿಸನ್ ಅವರ ಡಿಸಿ ಕೇಂದ್ರದಿಂದ ಕರೆಂಟ್ ಒಂದೂವರೆ ಕಿಲೋಮೀಟರ್ ದಾಟುವುದೇ ಕಷ್ಟವಿತ್ತು. ತಂತಿ ಬಿಸಿಯಾಗಿ ವಿದ್ಯುತ್ ಪೋಲಾಗುತ್ತಿತ್ತು. ವೋಲ್ಟೇಜ್ 10 ಪಟ್ಟು ಏರಿಸಿದರೆ ಅಷ್ಟೇ ಶಕ್ತಿ ಕಳಿಸಲು ಹತ್ತನೇ ಒಂದು ಭಾಗ ಕರೆಂಟ್ ಸಾಕು. ಆಗ ತಂತಿಯಲ್ಲಿ ಆಗುವ ನಷ್ಟ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ವೋಲ್ಟೇಜ್ ಏರಿಸುವ, ಮತ್ತೆ ಇಳಿಸುವ ಸಾಧನವೇ ನಮ್ಮ ಹಳ್ಳಿಗಳಲ್ಲಿ ಟಿಸಿ ಎಂದು ಕರೆಯುವ ಟ್ರಾನ್ಸ್‌ಫಾರ್ಮರ್. ಅದು ಕೆಲಸ ಮಾಡುವುದು ಎಸಿಯಲ್ಲಿ ಮಾತ್ರ. ಅದನ್ನು ಬಳಕೆಗೆ ತಂದವರು 1885ರಲ್ಲಿ ಹಂಗೇರಿಯ ಮೂವರು ಎಂಜಿನಿಯರ್‌ಗಳು, 1886ರಲ್ಲಿ ಅಮೆರಿಕದ ವಿಲಿಯಂ ಸ್ಟಾನ್ಲಿ. ಟೆಸ್ಲಾ ಅಲ್ಲ.

1896ರಲ್ಲಿ ನಯಾಗರ ಜಲಪಾತದ ವಿದ್ಯುತ್ ಬಫಲೋ ನಗರ ಮುಟ್ಟಿತು. ಆರೇ ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅಲ್ಲಿಗೆ ವಿದ್ಯುತ್ ಯಂತ್ರಗಳನ್ನು ಕೊಟ್ಟಿದ್ದು ಜನರಲ್ ಎಲೆಕ್ಟ್ರಿಕ್. ಎಸಿಯನ್ನು ವಿರೋಧಿಸಿದ್ದ ಎಡಿಸನ್ ಅವರ ಕಂಪನಿ ಇನ್ನೊಂದರೊಂದಿಗೆ ಸೇರಿ ಹುಟ್ಟಿದ ಸಂಸ್ಥೆ ಅದು!

ವಿವೇಕಾನಂದರು ಹೇಳಿಕೊಟ್ಟರೇ?

ಇಬ್ಬರೂ ಭೇಟಿಯಾಗಿದ್ದು ನಿಜ, 1896ರಲ್ಲಿ, ನ್ಯೂಯಾರ್ಕ್‌ನಲ್ಲಿ. ವಸ್ತು ಮತ್ತು ಶಕ್ತಿ ಮೂಲದಲ್ಲಿ ಒಂದೇ ಎಂದು ಟೆಸ್ಲಾ ಗಣಿತದಿಂದ ತೋರಿಸಬಲ್ಲರೆಂಬ ನಿರೀಕ್ಷೆಯನ್ನು ಸ್ವಾಮೀಜಿ ಪತ್ರವೊಂದರಲ್ಲಿ ಬರೆದಿದ್ದರು. ಟೆಸ್ಲಾ ಅಂಥ ಗಣಿತವನ್ನು ಪ್ರಕಟಿಸಲಿಲ್ಲ. ಎಸಿ ಮೋಟಾರಿನ ಪೇಟೆಂಟ್ ಸಿಕ್ಕಿ ಆಗಲೇ ಎಂಟು ವರ್ಷವಾಗಿತ್ತು. ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಈ ಫಾರ್ವರ್ಡ್ ನಿಲ್ಲುವುದಿಲ್ಲ.

ಪುಕ್ಕಟೆ ವಿದ್ಯುತ್ತಿನ ಗೋಪುರ

1901ರಲ್ಲಿ ಬ್ಯಾಂಕರ್ ಜೆ.ಪಿ. ಮಾರ್ಗನ್ ಕೊಟ್ಟ 1,50,000 ಡಾಲರ್‌ನಿಂದ ಟೆಸ್ಲಾ ನ್ಯೂಯಾರ್ಕ್ ಬಳಿ ವಾರ್ಡನ್‌ಕ್ಲಿಫ್ ಗೋಪುರ ಕಟ್ಟಲು ಶುರುಮಾಡಿದರು. ಮೊದಲು ಸಂದೇಶ, ಮುಂದೆ ವಿದ್ಯುತ್ತನ್ನೇ ತಂತಿಯಿಲ್ಲದೆ ಕಳಿಸುವ ಕನಸದು. ಗಮನಿಸಿ, ತಂತಿ ಇಲ್ಲ ಎಂದರೆ ಖರ್ಚಿಲ್ಲ ಎಂದಲ್ಲ. ವಿದ್ಯುತ್ತನ್ನು ಎಲ್ಲಾದರೂ ಉತ್ಪಾದಿಸಲೇಬೇಕಿತ್ತು. ದೂರ ಹೋದಂತೆ ಅದು ಚದುರಿಯೂ ಹೋಗುತ್ತದೆ. ಇಂದು ಫೋನಿನ ವೈರ್‌ಲೆಸ್ ಚಾರ್ಜಿಂಗ್ ಕೂಡ ಹತ್ತಿರ ಇಟ್ಟರೆ ಮಾತ್ರ ನಡೆಯುತ್ತದೆ. ಮಾರ್ಗನ್ ಮತ್ತೆ ಹಣ ಕೊಡಲಿಲ್ಲ. 1917ರಲ್ಲಿ ಗೋಪುರವನ್ನು ಕೆಡವಲಾಯಿತು.

ಮುಂದಿನ ವರ್ಷಗಳು ಸಾಲದಲ್ಲಿ, ಒಂದು ಹೋಟೆಲಿನಿಂದ ಇನ್ನೊಂದಕ್ಕೆ ಅಲೆಯುತ್ತ, ಪಾರಿವಾಳಗಳಿಗೆ ಕಾಳು ಹಾಕುತ್ತ ಕಳೆದವು. 1943ರ ಜನವರಿ 7ರಂದು ನ್ಯೂಯಾರ್ಕರ್ ಹೋಟೆಲಿನ ಕೋಣೆಯಲ್ಲಿ ಒಬ್ಬರೇ ಇದ್ದಾಗ ತೀರಿಕೊಂಡರು. ಅವರ ಕಾಗದಪತ್ರಗಳನ್ನು ಸರ್ಕಾರ ವಶಕ್ಕೆ ಪಡೆದಿದ್ದು ನಿಜ. ಪರಿಶೀಲಿಸಿದ ತಜ್ಞರಿಗೆ ಸಿಕ್ಕಿದ್ದು ಹೆಚ್ಚಾಗಿ ಊಹೆ, ಆಲೋಚನೆಗಳು. ಗುಪ್ತ ಯಂತ್ರವಲ್ಲ. ಆ ಕಾಗದಗಳು ಇಂದು ಬೆಲ್‌ಗ್ರೇಡ್‌ನ ಮ್ಯೂಸಿಯಂನಲ್ಲಿವೆ.

ಹಾಗಾದರೆ ನಿಜವೇನು?

ಎಸಿ ಒಬ್ಬರ ಸೃಷ್ಟಿಯಲ್ಲ. ಹಲವು ದೇಶಗಳ ಹಲವರು ಕಟ್ಟಿದ ಮನೆ ಅದು, ಅದರ ಒಂದು ಗಟ್ಟಿ ಕಂಬ ಟೆಸ್ಲಾ. ಅವರನ್ನು ಮಂತ್ರವಾದಿ ಮಾಡಿದರೆ ಲಾಭ ಯಾರಿಗೆ? ಅವರ ಹೆಸರಲ್ಲಿ ಡಬ್ಬಿ ಮಾರುವವರಿಗೆ. ಅಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದು ಕಂಡೆನ್ಸರ್ ಮತ್ತು ಎಲ್‌ಇಡಿ ದೀಪ. ಮನೆಯ ಮೀಟರ್ ಎಣಿಸುವುದು ನಾವು ನಿಜವಾಗಿ ಬಳಸಿದ ಯೂನಿಟ್‌ಗಳನ್ನು, ಕಂಡೆನ್ಸರ್ ಅದನ್ನು ಇಳಿಸಲಾರದು. ಪುಕ್ಕಟೆ ಕರೆಂಟ್ ವಿಡಿಯೋ ನೋಡಿ ಮನೆಯ 230 ವೋಲ್ಟ್ ತಂತಿಯೊಂದಿಗೆ ಪ್ರಯೋಗ ಮಾಡಿದರಂತೂ ಜೀವಕ್ಕೇ ಅಪಾಯ.

ಮುಂದಿನ ಸಲ ಟೆಸ್ಲಾ ಹೆಸರಿನ ಸಂದೇಶ ಬಂದರೆ ಕಳಿಸಿದವರಿಗೆ ಎರಡೇ ಪ್ರಶ್ನೆ ಕೇಳಿ: ಇದು ನಡೆದ ಇಸವಿ ಯಾವುದು? ಆ ವಿದ್ಯುತ್ ಬರುವುದು ಎಲ್ಲಿಂದ? ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ.