ಸೊಳ್ಳೆಯ ಗುಟ್ಟು ಬಿಡಿಸಿದ ದಂಡಿನ ಡಾಕ್ಟರು ಸರ್ ರೊನಾಲ್ಡ್ ರಾಸ್

ಚಳಿಜ್ವರ ಕೆಟ್ಟ ಗಾಳಿಯಿಂದ ಬರುತ್ತದೆಂದು ಜನ ನಂಬಿದ್ದ ಕಾಲವದು. 1857ರಲ್ಲಿ ಆಲ್ಮೋರಾದಲ್ಲಿ ಜನಿಸಿದ ರೊನಾಲ್ಡ್ ರಾಸ್ ಅವರು 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವೀಸ್ ಸೇರಿ ಸೈನ್ಯದ ಡಾಕ್ಟರಾದರು. 1883ರಲ್ಲಿ ಬೇರಿಕೆಗೆ ಸಮೀಪದ ಬೆಂಗಳೂರು ದಂಡಿನಲ್ಲಿದ್ದಾಗ, ಕಿಟಕಿಯಾಚೆ ಇಟ್ಟಿದ್ದ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ನೀರು ಚೆಲ್ಲಿಸಿದರು. ಮನೆಯಲ್ಲಿ ಸೊಳ್ಳೆಕಾಟ ಇಳಿಯಿತು. 1895ರಲ್ಲಿ ಕಾಲರಾ ಹತೋಟಿಗೆಂದು ಪುನಃ ಬೆಂಗಳೂರಿಗೆ ಬಂದರು. ಸೊಳ್ಳೆಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸವನ್ನು, ತಮಗೇ ಮಲೇರಿಯಾ ಬಂದರೂ ಕೈಬಿಡಲಿಲ್ಲ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಆ ರೋಗಾಣು ಕಂಡಿತು. 1902ರಲ್ಲಿ ನೊಬೆಲ್ ಪ್ರಶಸ್ತಿ, 1911ರಲ್ಲಿ ಸರ್ ಪದವಿ ಲಭಿಸಿದವು. 1932ರಲ್ಲಿ ಕಾಲವಾದರು. ಭಕ್ತಾದಿಗಳು ಉತ್ಸವದ ದಿನಗಳಲ್ಲಿ ಎಳನೀರು ಬುರುಡೆ, ಡಬ್ಬಗಳಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದೂ ಒಂದು ದೇವರ ಸೇವೆಯೇ ಸರಿ.