ಎರಡು ಕುರ್ಚಿ, ಮೂರು ಜನ, ಒಂದು ಸೇತುವೆ

ಕ್ಯಾಂಟಿಲಿವರ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಬೆಂಡಿಂಗ್ ಮೊಮೆಂಟ್ ಡಯಾಗ್ರಾಮ್, ಅದರ ಹಿಂದೆಯೇ ಇಂಟರ್ನಲ್ಸ್ ಭಯ! ಆದರೆ ಇದನ್ನು ಒಂದೇ ಒಂದು ಫೋಟೋದಲ್ಲಿ ಜನಸಾಮಾನ್ಯರಿಗೂ ಅರ್ಥ ಮಾಡಿಸಿದ ಇಂಜಿನಿಯರ್ ಒಬ್ಬರಿದ್ದರು. ಅವರೇ ಬೆಂಜಮಿನ್ ಬೇಕರ್.

1840ರಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ ಹುಟ್ಟಿದ ಬೇಕರ್, ನಮ್ಮ ಹಾಗೆ ಸೀಟು ತಗೊಂಡು ಇಂಜಿನಿಯರಿಂಗ್ ಓದಿದವರಲ್ಲ. ಹದಿನಾರನೇ ವಯಸ್ಸಿಗೇ ವೇಲ್ಸ್‌ನ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿಯಲು ಸೇರಿದರು. ಮುಂದೆ ಜಾನ್ ಫೌಲರ್ ಅವರ ಜೊತೆ ಲಂಡನ್ನಿನ ನೆಲದಡಿಯ ರೈಲುಮಾರ್ಗಗಳಿಗೆ ದುಡಿದರು.

1879ರ ಡಿಸೆಂಬರ್ 28ರ ರಾತ್ರಿ, ಬಿರುಗಾಳಿಗೆ ಸ್ಕಾಟ್ಲೆಂಡಿನ ಟೇ ಸೇತುವೆ ಕುಸಿದು ರೈಲೊಂದು ನೀರಿಗೆ ಬಿತ್ತು. ಅದರಲ್ಲಿದ್ದ ಒಬ್ಬರೂ ಉಳಿಯಲಿಲ್ಲ. ಆ ಸೇತುವೆಯ ಇಂಜಿನಿಯರ್ ಥಾಮಸ್ ಬೌಚ್ ಅವರೇ ಎಡಿನ್‌ಬರೋ ಹತ್ತಿರದ ಫೋರ್ತ್ ಅಳಿವೆಗೂ ಸೇತುವೆ ಡಿಸೈನ್ ಮಾಡಿದ್ದರು. ಅದನ್ನು ಕೈಬಿಡಲಾಯಿತು. ಕೆಲಸ ಫೌಲರ್ ಮತ್ತು ಬೇಕರ್ ಕೈಗೆ ಬಂತು.

ಬೇಕರ್ ಆರಿಸಿದ್ದು ಉಕ್ಕಿನ ಕ್ಯಾಂಟಿಲಿವರ್. ಎರಡು ಮುಖ್ಯ ಸ್ಪ್ಯಾನ್‌ಗಳು, ಒಂದೊಂದೂ 521 ಮೀಟರ್! ಲೆಕ್ಕ ಸರಿ ಇತ್ತು, ಆದರೆ ಹೆದರಿದ್ದ ಜನ ನಂಬಬೇಕಲ್ಲ? 1887ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಉಪನ್ಯಾಸ ಕೊಟ್ಟಾಗ ಅವರು ಮನುಷ್ಯರನ್ನೇ ಸೇತುವೆ ಮಾಡಿ ತೋರಿಸಿದರು. ಆ ಫೋಟೋ ನಾವು ಈಗಲೂ ನೋಡಬಹುದು. ಇಬ್ಬರು ಕುರ್ಚಿ ಮೇಲೆ ಕೈ ಚಾಚಿ ಕೂತಿದ್ದಾರೆ. ಕೈಗಳು ಟೆನ್ಷನ್‌ನಲ್ಲಿ, ಕೈಯಿಂದ ಕುರ್ಚಿಗೆ ಆನಿಸಿದ ಕೋಲುಗಳು ಕಂಪ್ರೆಷನ್‌ನಲ್ಲಿ. ಹೊರತುದಿಗಳಲ್ಲಿ ಭಾರಕ್ಕೆ ಇಟ್ಟಿಗೆ. ನಡುವೆ ತೂಗುವ ಹಲಗೆ ಮೇಲೆ ಜಪಾನಿನಿಂದ ಓದಲು ಬಂದಿದ್ದ ಯುವ ಇಂಜಿನಿಯರ್ ಕೈಚಿ ವಾತನಾಬೆ ಆರಾಮಾಗಿ ಕೂತಿದ್ದಾರೆ!

ಇತ್ತ ಸೈಟಿನಲ್ಲಿ ಎವೆಲಿನ್ ಕೇರಿ ಎಂಬ ಇಂಜಿನಿಯರ್ ಕ್ಯಾಮೆರಾ ಹಿಡಿದು, ಸೇತುವೆ ಬೆಳೆಯೋದನ್ನು ಹಂತ ಹಂತವಾಗಿ ಸೆರೆಹಿಡಿಯುತ್ತಿದ್ದರು. ಆ ಫೋಟೋಗಳಲ್ಲಿ ದೈತ್ಯ ಕೊಳವೆಗಳ ಪಕ್ಕ ಕೆಲಸಗಾರರು ಇರುವೆಗಳ ಹಾಗೆ ಕಾಣ್ತಾರೆ. ಈಚಿನ ಸಂಶೋಧನೆ ಪ್ರಕಾರ ಕಟ್ಟುವಾಗ ಸತ್ತವರು 73 ಮಂದಿ. ರೈಲು ಬೀಳದ ಹಾಗೆ ಲೆಕ್ಕ ಹಾಕಿದವರಿಗೂ, ಕಟ್ಟುವವರು ಬೀಳದ ಹಾಗೆ ನೋಡಿಕೊಳ್ಳಲು ಆಗಲಿಲ್ಲ.

1890ರ ಮಾರ್ಚ್ 4ರಂದು ಸೇತುವೆ ಉದ್ಘಾಟನೆಯಾಯಿತು. ಬೇಕರ್ 'ಸರ್' ಆದರು, ಈಜಿಪ್ಟಿನ ಆಸ್ವಾನ್ ಅಣೆಕಟ್ಟಿಗೂ ದುಡಿದರು, 1907ರಲ್ಲಿ ತೀರಿಕೊಂಡರು. ಫೋರ್ತ್ ಮೇಲೆ ರೈಲು ಇವತ್ತೂ ಓಡ್ತಿದೆ.

ನಾವು ಡಿಸೈನ್ ಕಲಿಯೋದು ಮಾರ್ಕ್ಸ್‌ಗೆ. ಆದರೆ ನಾಳೆ ಅದರ ಮೇಲೆ ನಡೆಯೋರಿಗೆ ಅದನ್ನು ವಿವರಿಸೋದೂ, ಅದನ್ನು ಕಟ್ಟೋರ ಜೀವ ಕಾಯೋದೂ ನಮ್ಮ ಸಿಲಬಸ್ಸೇ ಅಲ್ವಾ?