ಬೆನ್ನಿನ ಇಂಜೆಕ್ಷನ್ ಮತ್ತು ಡಾ. ಆಗಸ್ಟ್ ಬಿಯರ್

ಸೊಂಟದ ಮೂಳೆ ಮುರಿದ ಅಜ್ಜಿಗೋ ಮಂಡಿ ಕೀಲು ಬದಲಿಸಿಕೊಳ್ಳುವ ತಾತನಿಗೋ ಆಪರೇಷನ್ ಮಾಡುವಾಗ ವೈದ್ಯರು ಅನೇಕ ವೇಳೆ ಬೆನ್ನಿಗೆ ಒಂದು ಇಂಜೆಕ್ಷನ್ ಕೊಡುತ್ತಾರೆ. ರೋಗಿಗೆ ಎಚ್ಚರವಿರುತ್ತದೆ, ಆದರೆ ಸೊಂಟದ ಕೆಳಗೆ ನೋವು ತಿಳಿಯುವುದಿಲ್ಲ. ಈ ವಿಧಾನದ ಹಿಂದಿರುವ ಆಗಸ್ಟ್ ಬಿಯರ್ ಅವರ ಜೀವನವನ್ನು ಹತ್ತನೇ ತರಗತಿಯ ನರವ್ಯೂಹದ ಪಾಠದೊಂದಿಗೆ ಮಕ್ಕಳಿಗೆ ಹೇಳಬಹುದು.

ಬಿಯರ್ ಹುಟ್ಟಿದ್ದು 1861ರ ನವೆಂಬರ್ 24ರಂದು, ಜರ್ಮನಿಯ ಹೆಲ್ಸನ್ ಎಂಬ ಊರಿನಲ್ಲಿ. ವೈದ್ಯಕೀಯ ಓದಿ, ಕೀಲ್ ನಗರದಲ್ಲಿ ಪ್ರಸಿದ್ಧ ಶಸ್ತ್ರವೈದ್ಯ ಎಸ್ಮಾರ್ಕ್ ಅವರ ಬಳಿ ಕೆಲಸ ಕಲಿತರು. ಈಥರ್ ಮತ್ತು ಕ್ಲೋರೋಫಾರ್ಮ್ ಆಗಲೇ ಬಳಕೆಯಲ್ಲಿದ್ದವು. ಆದರೆ ಅವು ಇಡೀ ದೇಹದ ಪ್ರಜ್ಞೆ ತಪ್ಪಿಸುತ್ತಿದ್ದವು. ಎಚ್ಚರವಾದ ಮೇಲೆ ವಾಂತಿ. ಕೆಲವೊಮ್ಮೆ ಉಸಿರಾಟವೇ ನಿಲ್ಲುವ ಅಪಾಯ. ಕಾಲಿನ ಮೂಳೆಯನ್ನು ಕೊಯ್ಯಲು ಮಿದುಳನ್ನು ಮಲಗಿಸಲೇಬೇಕೆ ಎಂಬುದು ಬಿಯರ್ ಅವರ ಮುಂದಿದ್ದ ಪ್ರಶ್ನೆ.

ಕಾಲಿನ ನೋವಿನ ಸಂದೇಶ ನರಗಳ ಮೂಲಕ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. ದಾರಿಯಲ್ಲೇ ಅದನ್ನು ತಡೆದರೆ ಸಾಕು. 1898ರ ಆಗಸ್ಟ್ 16ರಂದು, ಪಾದದ ಕೀಲಿಗೆ ಕ್ಷಯ ತಗುಲಿದ್ದ 34 ವರ್ಷದ ಕೂಲಿಕಾರನೊಬ್ಬನ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಬಿಯರ್ ಸ್ವಲ್ಪ ಕೊಕೇನ್ ಸೇರಿಸಿದರು. ಆಪರೇಷನ್ ನೋವಿಲ್ಲದೆ ಮುಗಿಯಿತು. ಆದರೆ ಆಮೇಲೆ ಅವನಿಗೆ ತಲೆನೋವು, ಬೆನ್ನುನೋವು, ವಾಂತಿ ಕಾಣಿಸಿಕೊಂಡವು.

ಇದು ಔಷಧದ ದೋಷವೋ ಸೂಜಿಯ ದೋಷವೋ? ತಿಳಿಯಲು ಬಿಯರ್ ತಮ್ಮ ದೇಹವನ್ನೇ ಒಡ್ಡಿದರು. ಆಗಸ್ಟ್ 24ರಂದು ಸಹಾಯಕ ಹಿಲ್ಡೆಬ್ರಾಂಟ್ ಅವರ ಬೆನ್ನಿಗೆ ಸೂಜಿ ಹಾಕಿದರು. ಸಿರಿಂಜ್ ಸೂಜಿಗೆ ಸರಿಯಾಗಿ ಕೂರದೆ ಔಷಧವೂ ಬೆನ್ನಿನ ದ್ರವವೂ ಸೋರಿಹೋದವು. ಕೂಡಲೇ ಹಿಲ್ಡೆಬ್ರಾಂಟ್ ತಾವೇ ಮುಂದೆ ಬಂದರು. ಅವರ ಮೇಲೆ ಪ್ರಯೋಗ ಫಲಿಸಿತು. ಮೊಣಕಾಲಿನ ಕೆಳಗೆ ಸುತ್ತಿಗೆಯಿಂದ ಹೊಡೆದರೂ ಅವರಿಗೆ ನೋವಾಗಲಿಲ್ಲ. ಆದರೆ ಮರುದಿನದಿಂದ ಇಬ್ಬರೂ ನರಳಿದರು. ಬಿಯರ್ ಅವರಿಗೆ ಎದ್ದು ನಿಂತರೆ ತಲೆ ಸಿಡಿಯುತ್ತಿತ್ತು, ಮಲಗಿದರೆ ಇಳಿಯುತ್ತಿತ್ತು. 9 ದಿನ ಹಾಸಿಗೆಯಲ್ಲಿದ್ದ ಮೇಲೆ ಗುಣವಾಯಿತು. ದ್ರವ ಸೋರಿದ್ದೇ ಇದಕ್ಕೆ ಕಾರಣವಿರಬೇಕೆಂದು ಅವರು ಊಹಿಸಿದರು. ಆ ಊಹೆ ಸರಿಯಾಗಿತ್ತು.

1899ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಯಶಸ್ಸಿನ ಜೊತೆ ಈ ತೊಂದರೆಗಳನ್ನೂ ಬರೆದರು. ಬೇರೆ ದೇಶಗಳ ವೈದ್ಯರು ಉತ್ಸಾಹದಿಂದ ಈ ವಿಧಾನವನ್ನು ಹಿಡಿದಾಗ, ಕೊಕೇನ್ ವಿಷಕಾರಿಯೆಂದು ಎಚ್ಚರಿಸಿ ಸ್ವತಃ ಹಿಂದೆ ಸರಿದು ನಿಂತರು. 1905ರಲ್ಲಿ ಹೆಚ್ಚು ಸುರಕ್ಷಿತವಾದ ಪ್ರೊಕೇನ್ ಬಂತು. 1908ರಲ್ಲಿ ಬಿಯರ್ ಅದನ್ನು ಬಳಸಿ ಇನ್ನೊಂದು ದಾರಿ ತೋರಿಸಿದರು: ಪಟ್ಟಿ ಸುತ್ತಿ ತೋಳಿನ ರಕ್ತ ಹಿಂಡಿ, ಮೇಲೆ ಬಿಗಿದು ಕಟ್ಟಿ, ಅಭಿಧಮನಿಗೆ ಔಷಧ ಕೊಡುವುದು. ರಕ್ತ ಹಿಂಡಲು ಬಳಸಿದ್ದು ಗುರು ಎಸ್ಮಾರ್ಕ್ ರೂಪಿಸಿದ ಪಟ್ಟಿಯನ್ನೇ. ಮುಂಗೈ ಮೂಳೆ ಕೂಡಿಸಲು ಈ 'ಬಿಯರ್ ಬ್ಲಾಕ್' ಇಂದಿಗೂ ಬಳಕೆಯಲ್ಲಿದೆ.

1907ರಿಂದ ಬರ್ಲಿನ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಸೌವೆನ್ ಎಂಬಲ್ಲಿ ಬಡ ಮರಳುನೆಲದಲ್ಲಿ ಬಗೆಬಗೆಯ ಮರಗಳ ಕಾಡನ್ನೂ ಬೆಳೆಸಿದರು. 1949ರ ಮಾರ್ಚ್ 12ರಂದು ಅಲ್ಲಿಯೇ ತೀರಿಕೊಂಡರು.

ಈಗ ಸೂಜಿಗಳು ಬಹಳ ತೆಳುವಾಗಿವೆ, ಔಷಧಗಳೂ ಬದಲಾಗಿವೆ. ಪ್ರಯೋಗ ಫಲಿಸಿದ ದಿನವೇ ಬಿಯರ್ ತೃಪ್ತರಾಗಿದ್ದರೆ ರೋಗಿಯ ತಲೆನೋವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋಗಬಹುದಿತ್ತು. ಪ್ರಯೋಗದ ಪುಸ್ತಕದಲ್ಲಿ ಸರಿಬಂದ ಉತ್ತರವನ್ನಷ್ಟೇ ಬರೆಯುವ ನಮ್ಮ ಮಕ್ಕಳಿಗೆ ಈ ಭಾಗವನ್ನು ನಿಧಾನವಾಗಿ ಹೇಳಬೇಕು.